ಖಾರಿ ಬಾವ್ಲಿಯಲ್ಲೊಂದು ಹೊನ್ನೆಯ ತುಂಡು

ಕಳೆದ ಫೆಬ್ರವರಿಯಲ್ಲಿ ಸಾಗರದಿಂದ ದೆಹಲಿಗೆ ಬಂದ ಅಪ್ಪ ಕೆಂಪು ಕೋಟೆಯೂ ಬೇಡ, ಕುತುಬ್ ಮಿನಾರೂ ಬೇಡ ಎಂದರು. "ಖಾರಿ ಬಾವ್ಲಿ ಅಂತ ಇದ್ಯಂತಲ್ಲ, ಗಿಡಮೂಲಿಕೆ ಸಿಗೋ ಜಾಗ, ಅಲ್ಲಿಗೆ ಕರ್ಕೊಂಡು ಹೋಗೇ." ಅವರಿಗೆ ಸಕ್ಕರೆ ಕಾಯಿಲೆ ಬಂದು 17 ವರ್ಷ. ಈಚೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು, ಕ್ರಿಯಾಟಿನಿನ್ 1.8ಕ್ಕೆ ಏರಿತ್ತು. ಇಲ್ಲಿನ ಕಿಡ್ನಿ ಡಾಕ್ಟರಿಗೆ ತೋರಿಸಲೆಂದೇ ಕರೆಸಿಕೊಂಡಿದ್ದೆ. ಅಪಾಯಿಂಟ್‌ಮೆಂಟ್ ಇದ್ದದ್ದು ಸೋಮವಾರ, ಶನಿವಾರ ಹೊರಟೆವು.

ದ್ವಾರಕಾದಿಂದ ಮೆಟ್ರೋ ಹಿಡಿದು, ರಾಜೀವ್ ಚೌಕದಲ್ಲಿ ಗಾಡಿ ಬದಲಿಸಿ ಚಾಂದನಿ ಚೌಕ. ಅಲ್ಲಿಂದ ಸೈಕಲ್ ರಿಕ್ಷಾ. ರಸ್ತೆ ಮುಗಿಯುವಲ್ಲಿ, 1650ರಲ್ಲಿ ಷಹಜಹಾನನ ಬೇಗಂ ಕಟ್ಟಿಸಿದ ಫತೇಪುರಿ ಮಸೀದಿ. ಅದರ ಪಕ್ಕದಿಂದಲೇ ಖಾರಿ ಬಾವ್ಲಿ ಶುರು. ಹೆಸರಿನ ಅರ್ಥ ಉಪ್ಪುನೀರಿನ ಮೆಟ್ಟಿಲುಬಾವಿ. ಬಾವಿ ಈಗಿಲ್ಲ, ಮೆಣಸಿನಕಾಯಿ ಘಾಟು ಇದೆ. ಮೂಟೆ ಹೊತ್ತ ಕೂಲಿಯವರೂ ಸೀನುತ್ತಾರೆ, ಕೊಳ್ಳುವವರೂ ಸೀನುತ್ತಾರೆ. ಅಪ್ಪ ಪಂಚೆ ಎತ್ತಿ ಕಟ್ಟಿ, ಟವೆಲಿನಿಂದ ಮೂಗು ಮುಚ್ಚಿಕೊಂಡು ನನಗಿಂತ ಮುಂದೆ ನಡೆದರು.

ಗಿಡಮೂಲಿಕೆ ಅಂಗಡಿಯಲ್ಲಿ ಅವರು ಹೆಸರು ಕೇಳಲಿಲ್ಲ, ಮುಟ್ಟಿ ಮೂಸಿ ನೋಡಿದರು. ಗುಡ್‌ಮಾರ್ ಎಂದು ಬರೆದಿದ್ದ ಎಲೆ ನಮ್ಮ ಮಧುನಾಶಿನಿ. ಅದರ ಪಕ್ಕ ನೇರಳೆ ಬೀಜ. ಕೊನೆಯ ಮೂಟೆಯಲ್ಲಿ ಕಂದು ಬಣ್ಣದ ಮರದ ತುಂಡುಗಳು: ವಿಜಯ್‌ಸಾರ್. ಅಪ್ಪ ಒಂದನ್ನು ಎತ್ತಿ ಉಗುರಿನಿಂದ ಕೆರೆದರು. "ಇದು ಹೊನ್ನೆ ಕಣೇ! ನಮ್ಮ ಬೆಟ್ಟದಲ್ಲಿತ್ತಲ್ಲ, ಕಡಿದ್ರೆ ರಕ್ತದ ಹಾಗೆ ರಸ ಬರ್ತಿತ್ತು."

ಅಂಗಡಿಯವನು ಎರಡನ್ನೂ ಬೆರೆಸಿ ಅರೆದ ಪುಡಿ ಇದೆ, ಒಯ್ಯಿರಿ ಎಂದ. ಬೇರೆ ಏನೇನು ಹಾಕಿದ್ದೀರಿ ಎಂದು ನನ್ನ ಮೂಲಕ ಅಪ್ಪ ಹಿಂದಿಯಲ್ಲಿ ಕೇಳಿಸಿದರು. "ಸಬ್ ಜಡೀಬೂಟಿ ಹೈ" ಎಂದಷ್ಟೇ ಉತ್ತರ. ಪುಡಿ ಬಿಟ್ಟು ತುಂಡು ಕೊಂಡೆವು.

ಅಲ್ಲೇ ಇರುವ ಗಡೋದಿಯಾ ಮಾರ್ಕೆಟ್ 1920ರ ದಶಕದ ಕಟ್ಟಡ. ಕತ್ತಲೆ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದರೆ ಘಾಟಿನಿಂದ ಬಿಡುಗಡೆ. ಅಪ್ಪ ನನ್ನ ನೀರಿನ ಬಾಟಲಿಗೆ ಹೊನ್ನೆಯ ಚಕ್ಕೆಗಳನ್ನು ಹಾಕಿ ಕಾದರು. ಸ್ವಲ್ಪ ಹೊತ್ತಿಗೆ ನೀರು ಚಹಾದ ಬಣ್ಣಕ್ಕೆ ತಿರುಗಿತು. ಬಿಸಿಲಿಗೆ ಹಿಡಿದಾಗ ಅಂಚಿನಲ್ಲಿ ನೀಲಿ ಹೊಳಪು. "ನೋಡು, ನಿಜವಾದ ಹೊನ್ನೆ." ಹದಿನಾರನೇ ಶತಮಾನದಲ್ಲಿ ಯೂರೋಪಿನವರಿಗೂ ಇಂಥದೇ ನೀಲಿ ಬೆರಗು ಹುಟ್ಟಿಸಿತ್ತು. ಅದು ಮೆಕ್ಸಿಕೋದ ಬೇರೆ ಮರ. ಅವರು ಅದಕ್ಕಿಟ್ಟ ಲ್ಯಾಟಿನ್ ಹೆಸರಿನ ಅರ್ಥ, ತಮಾಷೆ ನೋಡಿ, ಕಿಡ್ನಿ ಮರ.

ಆದರೆ ನೀಲಿ ಹೊಳಪು ಮರದ ಗುರುತು ಹೇಳುತ್ತದೆ, ಕಿಡ್ನಿಯ ಸುದ್ದಿ ಹೇಳುವುದಿಲ್ಲ. ರಾತ್ರಿಯೆಲ್ಲ ಇದೇ ವಿಷಯ ಓದಿದ್ದೆ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಕಿಡ್ನಿಯ ಸೂಕ್ಷ್ಮ ಸೋಸುಗಗಳಿಗೆ ಪೆಟ್ಟು ಬೀಳುತ್ತದೆ, ಪೆಟ್ಟಾದಲ್ಲಿ ಉರಿಯೂತದ ಕೋಶಗಳು ಸೇರುತ್ತವೆ, ಅವು ಬಿಡುವ ಟಿಎನ್‌ಎಫ್ ಆಲ್ಫಾದಂಥ ಪ್ರೋಟೀನುಗಳು ಇನ್ನಷ್ಟು ಕೋಶಗಳನ್ನು ಕರೆಯುತ್ತವೆ, ಕೊನೆಗೆ ಅಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಉಳಿಯುತ್ತದೆ. ಇದೇ ದೆಹಲಿಯ ಸಂಶೋಧಕರು 2010ರಲ್ಲಿ ಮಧುಮೇಹದ ಇಲಿಗಳಿಗೆ ಹೊನ್ನೆಯ ಸಾರ ಕೊಟ್ಟಾಗ ಏರಿದ್ದ ಟಿಎನ್‌ಎಫ್ ಆಲ್ಫಾ ಇಳಿದಿತ್ತು. 1998ರಲ್ಲಿ ಪ್ರಕಟವಾದ ಐಸಿಎಂಆರ್ ಪ್ರಯೋಗದಲ್ಲಿ, ಆಗಷ್ಟೇ ಕಾಯಿಲೆ ಪತ್ತೆಯಾದ 97 ಮಂದಿ ಪೈಕಿ 67 ಮಂದಿಗೆ 12 ವಾರದಲ್ಲಿ ಸಕ್ಕರೆ ಹತೋಟಿಗೆ ಬಂದಿತ್ತು. ಹೋಲಿಸಿ ನೋಡಲು ಬೇರೆ ಗುಂಪು ಅದರಲ್ಲಿರಲಿಲ್ಲ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಇಲಿಗೆ ಕೊಟ್ಟದ್ದು ತೂಗಿ ಅಳೆದ ಸಾರ, ಈ ಬಾಟಲಿಯಲ್ಲಿ ಎಷ್ಟಿದೆಯೆಂದು ನಮಗೆ ಗೊತ್ತಿಲ್ಲ. 17 ವರ್ಷದ ಕಾಯಿಲೆಯೂ ಹೊಸ ಕಾಯಿಲೆಯೂ ಒಂದಲ್ಲ ಎಂದೆ. ಅಡಿಕೆಗೆ ಔಷಧಿ ಹೊಡೆಯುವಾಗ ಅಳತೆ ತಪ್ಪಿದರೆ ಕೂಗಾಡುವ ಮನುಷ್ಯ ಅವರು. ಬಾಟಲಿ ನೋಡುತ್ತಾ ಸುಮ್ಮನೆ ಕೂತರು.

ಆಮೇಲೆ ಮಸೀದಿ ಕಡೆ ಮುಖ ಮಾಡಿಕೊಂಡೇ ಹೇಳಿದರು: "ಆರು ತಿಂಗಳಿಂದ ನಾನೂ ಒಂದು ಪುಡಿ ತಿಂತಾ ಇದೀನಿ. ಅದರಲ್ಲಿ ಏನಿದೆ ಅಂತ ಒಂದಿನಾನೂ ಕೇಳಿಲ್ಲ. ನಿಮ್ಮಮ್ಮಂಗೂ ಗೊತ್ತಿಲ್ಲ."

ಬೈಯಬೇಕು ಅನ್ನಿಸಿತು. ಆದರೆ ಡಯಾಲಿಸಿಸ್ ಎಂಬ ಮಾತು ಕೇಳಿದ ದಿನದಿಂದ ಅವರು ಎಷ್ಟು ಹೆದರಿದ್ದಾರೆಂದು ಆಗಲೇ ನನಗೆ ತಿಳಿದದ್ದು. ವಾರಕ್ಕೆರಡು ಸಲ ಫೋನ್ ಮಾಡುವ ಮಗಳಿಗೆ ಅದು ಕೇಳಿಸಿರಲಿಲ್ಲ.

ಸೋಮವಾರ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲಿಟ್ಟೆವು. ಪುಡಿ ಇವತ್ತೇ ನಿಲ್ಲಿಸಿ, ಇಂಥವುಗಳಲ್ಲಿ ಸೀಸ, ಪಾದರಸ ಇದ್ದರೆ ಕಿಡ್ನಿಗೇ ಕುತ್ತು ಎಂದರು. ಅಪ್ಪ ಹೊನ್ನೆಯನ್ನೂ ತೋರಿಸಿದರು. ಈಗ ಅದೂ ಬೇಡ, ಮಾತ್ರೆಯ ಜೊತೆ ಸೇರಿ ಸಕ್ಕರೆ ತೀರಾ ಇಳಿದುಬಿಡಬಹುದು ಎಂದರು.

ಮೊನ್ನೆ ಸಾಗರದಲ್ಲಿ ಮತ್ತೆ ರಕ್ತ ಪರೀಕ್ಷೆ ಆಯಿತು. ಕ್ರಿಯಾಟಿನಿನ್ 1.8ರಲ್ಲೇ ಇದೆ, ಏರಿಲ್ಲ. ಪುಡಿಯ ಡಬ್ಬಿ ತೊಳೆದು ಅಮ್ಮ ಅದರಲ್ಲಿ ಸಾಸಿವೆ ತುಂಬಿದ್ದಾರಂತೆ.