ಬಾಣಂತಿಯ ಓಟು

ರಾಜಕೀಯ ಬರೆಯುವಷ್ಟು ತಿಳಿದವಳಲ್ಲ ನಾನು. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ಸಾಗರದ ಮನೆಯಲ್ಲಿ ಒಲೆಯ ಮುಂದೆ ಇಪ್ಪತ್ತೈದು ವರ್ಷ ಕಳೆದವಳು. ಆದರೂ 2023ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಕಂಡ ಚುನಾವಣೆಯ ಸಂಗತಿಯನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಾನು ಹೋದದ್ದು ಚುನಾವಣೆ ನೋಡಲಿಕ್ಕಲ್ಲ, ತಂಗಿಯ ಬಾಣಂತನಕ್ಕೆ. ಅವಳು ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಅಲ್ಲಿ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಮ್ಮನಿಗೆ ಮಂಡಿನೋವು, ವಿಮಾನ ಹತ್ತುವ ಹಾಗಿಲ್ಲ. “ನಲವತ್ತು ದಿನ ಅವಳನ್ನು ಹೊಸಿಲು ದಾಟಿಸಬೇಡ, ಗಾಳಿಗೆ ಬಿಡಬೇಡ” ಅಂತ ನನ್ನ ಕೈ ಹಿಡಿದು ಮಾತು ತೆಗೆದುಕೊಂಡೇ ಕಳಿಸಿದರು. ಲೇಹ್ಯದ ಡಬ್ಬಿ, ಅಂಟಿನುಂಡೆ, ಒಣಶುಂಠಿ, ಸಾಂಬ್ರಾಣಿ ಎಲ್ಲ ಕಟ್ಟಿಕೊಂಡು ಹೊರಟೆ. ಸಾಂಬ್ರಾಣಿ ಹೊಗೆ ಹಾಕಿದ ಮೊದಲ ದಿನವೇ ಚಾವಣಿಯ ಮೇಲಿದ್ದ ಗಂಟೆ ಕಿರುಚಿಕೊಂಡು, ಪಕ್ಕದ ಮನೆಯ ಅಜ್ಜಿ ಗಾಬರಿಯಿಂದ ಓಡಿಬಂದದ್ದು ಬೇರೆಯೇ ಕಥೆ.

ಊರಿನ ಹೆಸರು ಸ್ಟೋಮಾರ್ಕೆಟ್. ಸಫೋಕ್ ಎಂಬ ಕೌಂಟಿಯಲ್ಲಿದೆ. ಲಂಡನ್ನಿನಿಂದ ರೈಲಿನಲ್ಲಿ ಒಂದು ಚಿಲ್ಲರೆ ಗಂಟೆಯ ದಾರಿ. ಗಿಪಿಂಗ್ ಅಂತ ಒಂದು ಪುಟ್ಟ ಹೊಳೆ, ಹಳೆಯ ಚರ್ಚು, ಸುತ್ತ ಗೋಧಿ ಹೊಲಗಳು. ನಮ್ಮ ಕಡೆಯ ತಾಲ್ಲೂಕು ಕೇಂದ್ರದ ಹಾಗೇ ಅನ್ನಿ. ಅಲ್ಲಿನ ಜಿಲ್ಲೆಯೂ ನಮ್ಮ ಜಿಲ್ಲೆಯಷ್ಟು ದೊಡ್ಡದಲ್ಲ. ಮಿಡ್ ಸಫೋಕ್ ಜಿಲ್ಲೆಯ ಜನವೆಲ್ಲ ಸೇರಿದರೆ ಸುಮಾರು ಒಂದು ಲಕ್ಷ. ಅದಕ್ಕೊಂದು ಜಿಲ್ಲಾ ಕೌನ್ಸಿಲ್, ಅದರಲ್ಲಿ 34 ಸದಸ್ಯರು, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಶಾಲೆ, ರಸ್ತೆಗಳೆಲ್ಲ ಮೇಲಿನ ಕೌಂಟಿ ಕೌನ್ಸಿಲಿನವರದು. ಈ ಜಿಲ್ಲಾ ಕೌನ್ಸಿಲಿನವರದು ಕಸ ಎತ್ತುವುದು, ಮನೆ ಕಟ್ಟಲು ಪರವಾನಗಿ ಕೊಡುವುದು, ಮನೆಯಿಲ್ಲದವರಿಗೆ ಬಾಡಿಗೆ ಮನೆ ನೋಡುವುದು, ತೆರಿಗೆ ವಸೂಲಿ ಮಾಡುವುದು. ನಾನಿದ್ದಾಗ ಒಂದು ವಾರ ಮನೆಯ ಕಸ, ಮರುವಾರ ಕಾಗದ, ಬಾಟಲಿ ಒಯ್ಯುತ್ತಿದ್ದರು. ವಾರ ತಪ್ಪಿ ಡಬ್ಬಿ ಇಟ್ಟಿರೋ, ಕಸ ನಿಮ್ಮ ಬಾಗಿಲಲ್ಲೇ! ನಾನೇ ಎರಡು ಸಲ ತಪ್ಪಿದ್ದೇನೆ.

ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಮೊಣಕಾಲುದ್ದ ಬೂಟು ಹಾಕಿದ, ತಲೆ ಬೆಳ್ಳಗಾದ ಒಬ್ಬ ಗಂಡಸು. ತೋಟದ ಕೆಲಸಕ್ಕೆ ಕೇಳಲು ಬಂದವರಿರಬೇಕು ಅಂದುಕೊಂಡು “ನೋ ವರ್ಕ್” ಅಂದುಬಿಟ್ಟೆ. ಆಮೇಲೆ ನೋಡಿದರೆ ಎದೆಯ ಮೇಲೆ ಹಸಿರು ರಿಬ್ಬನ್ನಿನ ಹೂವು. ಗ್ರೀನ್ ಪಾರ್ಟಿಯ ಪರ ಓಟು ಕೇಳಲು ಬಂದವರು! ಧ್ವನಿವರ್ಧಕ ಇಲ್ಲ, ಜೀಪಿಲ್ಲ, ಹಿಂದೆ ಜೈಕಾರ ಹಾಕುವವರಿಲ್ಲ. ಮಳೆಯಲ್ಲಿ ಒಬ್ಬರೇ ನಡೆದುಬಂದಿದ್ದರು. ತಂಗಿ ಒಳಗಿನಿಂದಲೇ ಕೂಗಿ ಮಾತಾಡಿದಳು. ಮನೆ ಹಿಂದಿನ ಹೊಲದಲ್ಲಿ ಹೊಸ ಮನೆಗಳ ಸಾಲು ಬರುತ್ತದಂತೆ, ಡಾಕ್ಟರ ಬಳಿ ಈಗಲೇ ಜಾಗವಿಲ್ಲ, ಹೊಸಬರು ಎಲ್ಲಿಗೆ ಹೋಗಬೇಕು ಅಂತ ಅವಳ ಪ್ರಶ್ನೆ. ಅವರು ಪುಸ್ತಕದಲ್ಲಿ ಬರೆದುಕೊಂಡು ಹೋದರು. ಮರುದಿನ ಕನ್ಸರ್ವೇಟಿವ್ ಪಕ್ಷದವರ ಚೀಟಿಯೂ ಬಾಗಿಲ ಸಂದಿನಲ್ಲಿ ಬಿದ್ದಿತ್ತು.

ಅವತ್ತು ರಾತ್ರಿ ಮೆಣಸಿನ ಸಾರು ಬಡಿಸುವಾಗ ತಂಗಿ ಮೆಲ್ಲಗೆ ಅಂದಳು, “ಅಕ್ಕ, ನಾಲ್ಕನೇ ತಾರೀಕು ನಾನು ಓಟಿಗೆ ಹೋಗಬೇಕು.”

ನನಗೆ ತಲೆ ತಿರುಗಿತು. ನಾಲ್ಕನೇ ತಾರೀಕಿಗೆ ಮಗುವಿಗೆ ಇಪ್ಪತ್ತೊಂದು ದಿನ! ಹಸಿ ಬಾಣಂತಿ, ಆ ಊರಿನ ಥಂಡಿ ಬೇರೆ. “ಪಾಸ್‌ಪೋರ್ಟು ನಮ್ಮ ದೇಶದ್ದು, ನಿನಗೆಲ್ಲಿಯ ಓಟು?” ಅಂದೆ. ಕಾಮನ್‌ವೆಲ್ತ್ ದೇಶದವರು ಅಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಪಟ್ಟಿಗೆ ಹೆಸರು ಸೇರಿಸಿ ಓಟು ಹಾಕಬಹುದಂತೆ, ಅಲ್ಲಿನ ಪಾರ್ಲಿಮೆಂಟಿಗೂ ಸಹ. ನನಗಂತೂ ಗೊತ್ತೇ ಇರಲಿಲ್ಲ. ಅಂಚೆಯಲ್ಲಿ ಕಳಿಸುವ ಸೌಲಭ್ಯವೂ ಉಂಟು. ಆದರೆ ಹೆರಿಗೆಯ ಗಡಿಬಿಡಿಯಲ್ಲಿ ಅರ್ಜಿ ಹಾಕುವ ದಿನ ದಾಟಿಹೋಗಿತ್ತು.

ಅವಳ ಗಂಡ ನಕ್ಕರು. “ಕೌನ್ಸಿಲ್ ಅಂದ್ರೆ ಕಸದ ಡಬ್ಬಿ ಅಕ್ಕ, ಅದಕ್ಕೆ ಇಷ್ಟು ರಂಪ ಯಾಕೆ?”

ತಂಗಿ ತಟ್ಟೆ ಸರಿಸಿದಳು. “ಆರು ವರ್ಷದಿಂದ ಈ ಊರಿನವರ ಹೇಲು ಉಚ್ಚೆ ತೆಗೆದಿದೀನಿ, ಕೊರೋನಾದಲ್ಲಿ ಅವರ ಕೈ ಹಿಡ್ಕೊಂಡು ಕೂತಿದೀನಿ. ನಾನು ಈ ಊರಿನವಳಲ್ಲ ಅಂತ ನೀವಿಬ್ಬರೂ ಯಾಕೆ ಹೇಳ್ತೀರಿ?” ಅಂದವಳೇ ಅತ್ತುಬಿಟ್ಟಳು. ಬಾಣಂತಿ ಅತ್ತರೆ ಹಾಲು ಕೆಡುತ್ತದೆ ಅಂತ ಅಮ್ಮ ಹೇಳಿದ್ದು ನೆನಪಾಯಿತು. ಗಾಳಿ ಸೋಕಿದರೆ ಕೆಟ್ಟದೋ, ಅತ್ತರೆ ಕೆಟ್ಟದೋ? ಯಾರನ್ನು ಕೇಳಲಿ? ಅಮ್ಮನಿಗೆ ಫೋನು ಮಾಡುವ ಧೈರ್ಯ ಬರಲಿಲ್ಲ. ಮೂರು ದಿನ ಯೋಚಿಸಿ ಕೊನೆಗೆ ಹೂಂ ಅಂದೆ.

ಗುರುವಾರ ಹನ್ನೊಂದು ಗಂಟೆಗೆ ಹೊರಟೆವು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮೂಗಿನವರೆಗೆ ಮಫ್ಲರು, ಕಾಲಿಗೆ ಎರಡು ಜೊತೆ ಉಣ್ಣೆ ಚೀಲ. ನನ್ನ ಕೈಲಿ ಜೀರಿಗೆ ಕಷಾಯದ ಫ್ಲಾಸ್ಕು. ತಂಗಿಯನ್ನು ನೋಡಿದರೆ ಹಿಮಾಲಯಕ್ಕೆ ಹೊರಟವಳ ಹಾಗಿದ್ದಳು. ಮತಗಟ್ಟೆ ಹತ್ತು ನಿಮಿಷದ ನಡಿಗೆ. ಪೊಲೀಸರಿಲ್ಲ, ಸಾಲಿಲ್ಲ. ಹೊರಗೆ ಒಬ್ಬಾಕೆ ನಾಯಿಯನ್ನು ಹಿಡಿದು ನಿಂತಿದ್ದರು, ಅಷ್ಟೇ. ಓಟಿಲ್ಲದವಳು ಒಳಗೆ ಹೋಗಬಾರದಲ್ಲ, ನಾನು ಮಗುವನ್ನು ಎತ್ತಿಕೊಂಡು ಬಾಗಿಲ ಬಳಿಯೇ ನಿಂತೆ.

ಇಂಗ್ಲೆಂಡಿನಲ್ಲಿ ಆ ವರ್ಷವೇ ಮೊದಲ ಸಲ ಫೋಟೋ ಇರುವ ಗುರುತಿನ ಪತ್ರ ಕಡ್ಡಾಯವಾಗಿತ್ತು. ನಮಗೆ ಎಂದಿನಿಂದಲೋ ಅಭ್ಯಾಸ, ಅಲ್ಲಿನವರಿಗೆ ಅದೊಂದು ದೊಡ್ಡ ಗಲಾಟೆ. ತಂಗಿ ಪಾಸ್‌ಪೋರ್ಟು ಕೊಟ್ಟಳು. ಮೇಜಿನ ಹಿಂದಿದ್ದಾಕೆ ಫೋಟೋ ನೋಡಿದರು, ತಂಗಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಮದುವೆಗೆ ಮುಂಚಿನ ಫೋಟೋ ಅದು, ಕಡ್ಡಿಯ ಹಾಗಿದ್ದ ಹುಡುಗಿ. ಈಗ ಮುಖವೆಲ್ಲ ಊದಿಕೊಂಡಿದೆ. ಮಫ್ಲರು ಇಳಿಸಿ ಅಂದರು. ತಂಗಿ ಇಳಿಸಿದಳು. ನಾನು ಬಾಗಿಲಲ್ಲಿ ನಿಂತು “ಗಾಳಿ, ಗಾಳಿ” ಅಂತ ಕನ್ನಡದಲ್ಲೇ ಒದರಿದೆ! ಆಮೇಲೆ ಆಕೆ ಪಕ್ಕದವರನ್ನು ಕರೆದು ಯಾವುದೋ ಪಟ್ಟಿ ತೆಗೆಸಿ ಬೆರಳಿಟ್ಟು ಓದತೊಡಗಿದರು. ಬೇರೆ ದೇಶದ ಪಾಸ್‌ಪೋರ್ಟು ನಡೆಯುತ್ತದೋ ಇಲ್ಲವೋ ಅಂತ ಅವರಿಗೆ ಅನುಮಾನ. ತಂಗಿಯ ಬೆನ್ನು ಬಿಗಿಯಾದದ್ದು ನನಗೆ ಅಲ್ಲಿಂದಲೇ ಕಂಡಿತು. ಇಷ್ಟೆಲ್ಲ ಮಾಡಿ ಬಂದು ವಾಪಸು ಕಳಿಸಿಬಿಟ್ಟರೆ? ಅಮ್ಮನಿಗೆ ಕೊಟ್ಟ ಮಾತನ್ನು ಸುಮ್ಮನೆ ಮುರಿದ ಹಾಗಾಯಿತಲ್ಲ ಅನ್ನಿಸಿ ನನ್ನ ಕೈಕಾಲು ತಣ್ಣಗಾದವು.

ಕಾಮನ್‌ವೆಲ್ತ್ ದೇಶಗಳ ಪಾಸ್‌ಪೋರ್ಟು ಆ ಪಟ್ಟಿಯಲ್ಲಿತ್ತು. “ಸಾರಿ” ಅಂತ ಹೇಳಿ ಮತಪತ್ರ ಕೊಟ್ಟರು. ಗುರುತಿನ ಪತ್ರ ಸರಿಯಿಲ್ಲದೆ ಆ ದಿನ ಇಂಗ್ಲೆಂಡಿನಲ್ಲಿ ಕಡೇಪಕ್ಷ 14,000 ಜನ ಓಟು ಹಾಕಲಾಗದೆ ಉಳಿದರೆಂದು ಆಮೇಲೆ ಅಲ್ಲಿನ ಚುನಾವಣಾ ಆಯೋಗವೇ ಹೇಳಿತು. ನಮ್ಮವಳು ಆ ಲೆಕ್ಕಕ್ಕೆ ಸೇರಲಿಲ್ಲ, ಪುಣ್ಯ.

ಅಲ್ಲಿ ಯಂತ್ರವಿಲ್ಲ ನೋಡಿ, ಕಾಗದ. ದಾರ ಕಟ್ಟಿದ ಸೀಸದ ಕಡ್ಡಿಯಲ್ಲಿ ಹೆಸರಿನ ಮುಂದೆ ಕತ್ತರಿ ಗುರುತು ಹಾಕಬೇಕು. ನಮ್ಮಲ್ಲಿ ಮೇಷ್ಟ್ರು ಲೆಕ್ಕ ತಪ್ಪಾದರೆ ಹಾಕುವ ಗುರುತು! ಬೆರಳಿಗೆ ಶಾಯಿಯೂ ಇಲ್ಲ. ಹೊರಗೆ ಬಂದವಳಿಗೆ ಮೊದಲು ಕಷಾಯ ಕುಡಿಸಿದೆ. ಆಮೇಲೆ ಕೇಳಿದೆ, “ಯಾರಿಗೆ ಹಾಕಿದೆ?”

“ಅದು ಹೇಳೋದಲ್ಲ ಅಕ್ಕ.”

“ನಿನ್ನ ಗಂಡನಿಗೂ?”

“ಅವರಿಗೂ.”

ಮನೆಯವರೆಗೂ ನಾನು ಮಾತಾಡಲಿಲ್ಲ. ಓಟಿನ ಹಕ್ಕು ಬಂದಾಗಿನಿಂದ ನಾನೂ ಹಾಕುತ್ತಲೇ ಇದ್ದೇನೆ. ಹಿಂದಿನ ರಾತ್ರಿ ಊಟವಾದ ಮೇಲೆ ನಮ್ಮವರು ಹೇಳುತ್ತಾರೆ, ಬೆಳಿಗ್ಗೆ ನಾನು ಹಾಕುತ್ತೇನೆ. ಬೈದಿಲ್ಲ, ಬಲವಂತ ಮಾಡಿಲ್ಲ, ಸುಳ್ಳೇಕೆ ಹೇಳಲಿ. ಕೇಳಬೇಕು, ಹೇಳಬೇಕು ಅಂತಲೇ ನಮ್ಮಿಬ್ಬರಿಗೂ ತೋಚಿಲ್ಲ.

ಆ ರಾತ್ರಿ ಒಂಬತ್ತಾದರೂ ತಂಗಿಯ ಗಂಡ ಸುಮ್ಮನಿರಲಾರದೆ ಒದ್ದಾಡುತ್ತಿದ್ದರು. ಅಲ್ಲಿ ರಾತ್ರಿ ಹತ್ತರವರೆಗೆ ಮತದಾನ. ಕೊನೆಗೆ ಕೋಟು ಹಾಕಿಕೊಂಡು, ಹಾಲು ತರುತ್ತೇನೆ ಅಂತ ಹೊರಗೆ ಹೋದರು. ಬರುವಾಗ ಕೈಲಿ ಹಾಲಿರಲಿಲ್ಲ.

ಶುಕ್ರವಾರ ಫಲಿತಾಂಶ. ಮಗುವಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದೆ, ತಂಗಿ ಫೋನು ಹಿಡಿದು ಒಂದೊಂದೇ ವಾರ್ಡು ಓದುತ್ತಿದ್ದಳು. ಗ್ರೀನ್ ಪಾರ್ಟಿಗೆ 24, ಕನ್ಸರ್ವೇಟಿವ್‌ಗೆ 6, ಲಿಬರಲ್ ಡೆಮಾಕ್ರಾಟರಿಗೆ 4. ನಾಲ್ಕು ವರ್ಷದ ಹಿಂದೆ, 2019ರಲ್ಲಿ, ಕನ್ಸರ್ವೇಟಿವ್‌ನವರೇ 16, ಗ್ರೀನ್ 12 ಇದ್ದರಂತೆ. ಬ್ರಿಟನ್ನಿನಲ್ಲಿ ಒಂದು ಕೌನ್ಸಿಲಿನಲ್ಲಿ ಗ್ರೀನ್ ಪಾರ್ಟಿಗೆ ಪೂರ್ಣ ಬಹುಮತ ಬಂದದ್ದು ಅದೇ ಮೊದಲು. ಲಂಡನ್ನಿನಂಥ ಊರಲ್ಲಲ್ಲ, ಟ್ರ್ಯಾಕ್ಟರು ಓಡಾಡುವ ಹಳ್ಳಿಗಳ ನಡುವೆ!

ಅದೇ ದಿನ ಇಂಗ್ಲೆಂಡಿನ ಉದ್ದಗಲಕ್ಕೂ ಕನ್ಸರ್ವೇಟಿವ್‌ನವರು ಒಂದು ಸಾವಿರಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡರು. ಆಗ ಪ್ರಧಾನಿಯಾಗಿದ್ದವರು ರಿಷಿ ಸುನಕ್, ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಯಜಮಾನರು. ನಮ್ಮ ಕಡೆಯ ಅಳಿಯ ಸೋತರಲ್ಲ ಅಂತ ನನಗೆ ಒಳಗೊಳಗೇ ಸಂಕಟ. ತಂಗಿಗೆ ಹೇಳಿದರೆ “ಅಳಿಯ ಅಂತ ಓಟು ಹಾಕಕ್ಕಾಗುತ್ತಾ?” ಅಂದಳು. ನಮ್ಮೂರಿನಲ್ಲಿ ಹಾಕುತ್ತಾರಮ್ಮ ಅಂದೆ.

ಹಸಿರಿನವರು ಗೆದ್ದದ್ದು ಗಿಡಮರದ ಮಾತಿಂದ ಮಾತ್ರ ಅಂತ ನನಗನ್ನಿಸುವುದಿಲ್ಲ. ವರ್ಷಗಟ್ಟಲೆ ಬಾಗಿಲು ಬಡಿದವರಿಗೆ ಜನ ಬಾಗಿಲು ತೆರೆದರು, ಇನ್ನೊಬ್ಬರ ಮೇಲೆ ಬೇಸರವೂ ಬಂದಿತ್ತು. ನಾರ್ವಿಚ್‌ನಿಂದ ಟಿಲ್‌ಬರಿಗೆ ಅಲ್ಲಿನ ಹೊಲಗಳ ಮೇಲೆ ದೊಡ್ಡ ವಿದ್ಯುತ್ ಕಂಬಗಳ ಸಾಲು ಎಳೆಯುವ ಯೋಜನೆಗೆ ಊರವರ ವಿರೋಧವಿತ್ತು. ಅಲ್ಲಿನ ಗ್ರೀನ್ ಪಾರ್ಟಿಯವರೂ ಕಂಬ ಬೇಡವೆಂದೇ ಹೇಳುತ್ತಿದ್ದರು. ಸಮುದ್ರದ ಗಾಳಿಯಿಂದ ಕರೆಂಟು ಬರಲಿ ಅನ್ನುವವರೇ ಅದನ್ನು ತರುವ ಕಂಬ ಬೇಡ ಅಂದರೆ ಹೇಗೆ? ಲಿಂಗನಮಕ್ಕಿಯ ಪಕ್ಕದಲ್ಲಿ ಬಾಳಿದ ನನಗೆ ಈ ಪ್ರಶ್ನೆ ಬಂದೇ ಬಂತು. ತಂಗಿ ಸಮುದ್ರದೊಳಗೇ ತಂತಿ ಹಾಕಲಿ ಅಂತಾರೆ ಅಂದಳು. ಹಾಕಲಿ, ನೋಡೋಣ.

ಮರುದಿನ, ಶನಿವಾರ, ರಾಜ ಚಾರ್ಲ್ಸರ ಪಟ್ಟಾಭಿಷೇಕ. ಬೀದಿಯಲ್ಲೆಲ್ಲ ತೋರಣ. ಗೆದ್ದವರಿಗೋ ರಾಜನಿಗೋ ಅಂತ ನಾನು ತಮಾಷೆ ಮಾಡಿದೆ. ತಂಗಿಗೆ ಜ್ವರ ಬರಲಿಲ್ಲ, ಹಾಲೂ ಕೆಡಲಿಲ್ಲ. ಅಮ್ಮನಿಗೆ ಈ ವಿಷಯ ಇನ್ನೂ ಹೇಳಿಲ್ಲ. ಈ ಪತ್ರಿಕೆ ಅವರ ಮನೆಗೂ ಬರುತ್ತದೆ, ಓದಿದ ಮೇಲೆ ಏನಾಗುವುದೋ!

ಮೇ 10ಕ್ಕೆ ನಮ್ಮ ವಿಧಾನಸಭೆಯ ಚುನಾವಣೆ. ನಾನು ಅಲ್ಲಿದ್ದೆ, ನನ್ನ ಓಟು ತಪ್ಪಿತು. ನಮ್ಮವರು ಫೋನಿನಲ್ಲಿ “ಒಂದು ಓಟು ಹಾಳಾಯ್ತು” ಅಂತ ಪೇಚಾಡಿದರು. ಯಾರ ಓಟು ಅಂತ ಕೇಳೋಣ ಅನ್ನಿಸಿತು, ಕೇಳಲಿಲ್ಲ.

ಮುಂದಿನ ವರ್ಷ, 2024ರ ಮೇ 7ರಂದು ನಮ್ಮಲ್ಲಿ ಲೋಕಸಭೆಯ ಮತದಾನ. ಹಿಂದಿನ ರಾತ್ರಿ ಊಟವಾದ ಮೇಲೆ ಅವರು ಎಂದಿನಂತೆ ಹೇಳಿದರು, ನಾನು ಎಂದಿನಂತೆ ಮಜ್ಜಿಗೆ ಬಡಿಸಿದೆ. ಬೆಳಿಗ್ಗೆ ಇಬ್ಬರೂ ಹೋಗಿ ಹಾಕಿ ಬಂದೆವು. ದಾರಿಯಲ್ಲಿ “ಹಾಕಿದೆ ತಾನೇ?” ಅಂದರು.

“ಹಾಕಿದೆ” ಅಂದೆ.

“ಅವರಿಗೇ ತಾನೇ?”

“ಕುಕ್ಕರಿಗೆ ಬೇಳೆ ಹಾಕಿಟ್ಟು ಬಂದಿದೀನಿ, ಬೇಗ ನಡೀರಿ” ಅಂದೆ.