ಹಿದುಕಿದ ಕೈಗೆ ಹಸಿವು

ಮಧ್ಯಾಹ್ನ ಒಂದು ಗಂಟೆಯಾಯಿತೆಂದರೆ ನಮ್ಮ ಮನೆಯಲ್ಲಿ ತಟ್ಟೆ ಹಿಡಿದು ಮಗುವಿನ ಹಿಂದೆ ಸುತ್ತುವ ಕೆಲಸ ಶುರುವಾಗುತ್ತಿತ್ತು. ಮೊಮ್ಮಗಳಿಗೆ ಆಗ 4 ವರ್ಷ. ಸಾರಿನಲ್ಲಿ ಒಂದು ಕೊತ್ತಂಬರಿ ಎಲೆ ತೇಲಿದರೂ ತಟ್ಟೆಯನ್ನು ಆಚೆ ತಳ್ಳುವಳು. ಪಲ್ಯವೆಂದರೆ ತುಟಿ ಬಿಗಿಯುವಳು. ಮೊಸರನ್ನ, ಮತ್ತೆ ಮೊಸರನ್ನ. ಹಟಮಾರಿ ಎಂದು ಮನೆಯವರೆಲ್ಲ ಬೈದೆವು. 2ರಿಂದ 6 ವರ್ಷದ ಮಕ್ಕಳು ಹೊಸ ರುಚಿಗೆ ಹೆದರುವುದು ಸಹಜ, ಒಂದೇ ತಿನಿಸನ್ನು ಹತ್ತಾರು ಸಲ ಕಂಡ ಮೇಲೆಯೇ ಕೆಲವರಿಗೆ ಅದು ತಮ್ಮದೆನಿಸುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಹಟವೆಂದು ನಾವು ಕರೆದದ್ದು ಬರೀ ಅಂಜಿಕೆ.

ಆ ಅಂಜಿಕೆ ಕರಗಿದ್ದು ಅವರೆಕಾಯಿ ಕಾಲದಲ್ಲಿ.

ಡಿಸೆಂಬರ್ ಬಂತೆಂದರೆ ಮಾಗಡಿ, ಕೋಲಾರದ ಕಡೆಯ ಕಾಯಿ ಬೆಂಗಳೂರಿನ ರಸ್ತೆ ಬದಿಯಲ್ಲಿ ರಾಶಿ ಬೀಳುತ್ತದೆ. ಇಬ್ಬನಿ ಕುಡಿದ ಕಾಯಿಯ ಸೊಗಡು ಚೀಲದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಸೆರಗಿಗೆ ಅಂಟಿಕೊಂಡು ಬರುತ್ತದೆ. ಕಾಯಿ ಸುಲಿದು ಕಾಳನ್ನು ರಾತ್ರಿ ನೀರಿಗೆ ಹಾಕಿದ್ದೆ. ಬೆಳಿಗ್ಗೆ ಕಾಳು ಉಬ್ಬಿ, ಸಿಪ್ಪೆ ಸಡಿಲವಾಗಿತ್ತು. ನಡುಮನೆಯಲ್ಲಿ ಚಾಪೆ ಹಾಸಿ ಹಿದುಕಲು ಕೂತೆ. ಇವಳು ಬಂದು ಮಂಡಿಯೂರಿದಳು.

‘ಅಜ್ಜಿ, ನಾನೂ!’

ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಮೆಲ್ಲಗೆ ಒತ್ತುವುದನ್ನು ತೋರಿಸಿಕೊಟ್ಟೆ. ಪುಳಕ್! ಸಿಪ್ಪೆ ಕೈಯಲ್ಲಿ ಉಳಿಯಿತು, ಎಳೆಹಸಿರು ಬೇಳೆ ಚಿಮ್ಮಿ ಅವಳ ತಾತನ ಪೇಪರಿನ ಮೇಲೆ ಬಿತ್ತು. ಆ ನಗು! ಮುಂದಿನ ಕಾಳು ಪಾತ್ರೆಗೆ, ಅದರ ಮುಂದಿನದು ಕಿಟಕಿಗೆ. ತಾತ ಪೇಪರು ಮಡಿಸಿ ತಾವೂ ಇಳಿದು ಕೂತರು. ಯಾರ ಬೇಳೆ ಪಾತ್ರೆಯೊಳಗೇ ಬೀಳುತ್ತದೆ ಎಂಬ ಪಂದ್ಯ ಹೂಡಿದ್ದೂ ಅವಳೇ. ಹಿದುಕಿದ ಬೇಳೆ ನುಣುಪಾಗಿ, ಒದ್ದೆಯಾಗಿ ಅಂಗೈಯಲ್ಲಿ ಜಾರುವಾಗಿನ ಸುಖವನ್ನು ಅದನ್ನು ಹಿಡಿದವರೇ ಬಲ್ಲರು. (ಒಂದು ಮಾತು: ಹಸಿಯಾಗಿ ತಿನ್ನುವ ಕಾಳಲ್ಲ ಇದು, ಚೆನ್ನಾಗಿ ಬೇಯಬೇಕು. ತೀರಾ ಪುಟ್ಟ ಮಕ್ಕಳು ಮೂಗಿಗೂ ತುರುಕಿಕೊಂಡಾರು. ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು.)

ಬೇಳೆ ಬೇಯುತ್ತಿದ್ದಾಗ ಒಲೆಯ ಹತ್ತಿರ ಬರುವಂತಿಲ್ಲ ಎಂದೆ. ಹಾಗಾದರೆ ಇನ್ನೇನು ಮಾಡಲಿ ಎಂದು ಅತ್ತಿತ್ತ ಸುಳಿದಳು. ಅಕ್ಕಿಹಿಟ್ಟು ಕಲಸಿದ್ದೆ, ಪಕ್ಕದಲ್ಲಿ ಸಬ್ಬಸಿಗೆ ಸೊಪ್ಪಿತ್ತು. ‘ಇದನ್ನು ಸಣ್ಣಗೆ ಕಿತ್ತು ಹಿಟ್ಟಿಗೆ ಹಾಕು ಪುಟ್ಟಿ’ ಎಂದೆ. ಕೊತ್ತಂಬರಿ ಎಲೆಗೆ ಮುಖ ತಿರುಗಿಸುತ್ತಿದ್ದವಳು ಸಬ್ಬಸಿಗೆಯ ನವಿರು ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಮೂಸಿ, ಹಾಕಿದಳು. ಬಾಳೆಲೆಗೆ ಎಣ್ಣೆ ಸವರಿ ಕೊಟ್ಟೆ. ನಿಂಬೆಗಾತ್ರದ ಉಂಡೆಯನ್ನು ತಟ್ಟತೊಡಗಿದಳು. ಅವಳ ರೊಟ್ಟಿ ದುಂಡಗಾಗಲಿಲ್ಲ; ಒಂದು ಕಡೆ ಬಾಲ, ಇನ್ನೊಂದು ಕಡೆ ಎರಡು ಕಿವಿ. ‘ಇದು ಬೆಕ್ಕು’ ಎಂದಳು. ಎಣ್ಣೆ ಒಳಗಿಳಿದು ಗರಿಗರಿಯಾಗಲೆಂದು ನಾವು ರೊಟ್ಟಿಗೆ ಬೆರಳಿನಿಂದ ತೂತು ಮಾಡುತ್ತೇವಲ್ಲ, ಅವು ಬೆಕ್ಕಿಗೆ ಕಣ್ಣಾದವು.

ಬಡಿಸುವುದನ್ನೂ ಅವಳಿಗೇ ಬಿಟ್ಟೆ. ರೋಮ್ ನಗರದಲ್ಲಿ 1907ರಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸರಿ ಅಲ್ಲಿನ ಪುಟಾಣಿಗಳಿಂದಲೇ ಊಟದ ಮೇಜು ಅಣಿ ಮಾಡಿಸಿ, ಊಟ ಬಡಿಸುವುದನ್ನೂ ಕಲಿಸಿದ್ದರು. ನಮ್ಮವಳೂ ಸ್ಟೀಲಿನ ಸಣ್ಣ ಬಟ್ಟಲಲ್ಲಿ ಹಿದುಕಿದ ಬೇಳೆ ಸಾರನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ತಾತನ ತಟ್ಟೆಯವರೆಗೆ ನಡೆದಳು. ನೆಲಕ್ಕೆ ನಾಲ್ಕು ಹನಿ ಬಿದ್ದವು. ಒರೆಸಿದರೆ ಹೋಗುವ ಹನಿಗಳು.

ಆಮೇಲೆ ತನ್ನ ತಟ್ಟೆಯ ಮುಂದೆ ಕೂತಳು. ತಿನ್ನು ಎಂದು ಯಾರೂ ಹೇಳಲಿಲ್ಲ, ನಾನು ಮೊದಲೇ ಎಲ್ಲರಿಗೂ ಕಣ್ಸನ್ನೆ ಮಾಡಿದ್ದೆ. ಮೊದಲು ಬೆಕ್ಕಿನ ಕಿವಿ ಮುರಿದಳು. ಸಾರಿನಲ್ಲಿ ಅದ್ದಿದಳು. ‘ಈ ಬೇಳೆ ನಾನು ಹಿದುಕಿದ್ದಾ, ತಾತ ಹಿದುಕಿದ್ದಾ?’ ಎಂದು ಒಂದನ್ನು ಎತ್ತಿ ಹಿಡಿದು ಕೇಳಿದಳು. ‘ನಿಂದೇ ಕಂದಾ’ ಎಂದೆ. ಬಾಯಿಗೆ ಹಾಕಿಕೊಂಡಳು. ಮತ್ತೊಂದನ್ನು ಹುಡುಕಿದಳು. ಬಾಲವೂ ಹೋಯಿತು, ಕಣ್ಣೂ ಹೋಯಿತು. ಸಬ್ಬಸಿಗೆಯನ್ನು ಆರಿಸಿ ಬದಿಗಿಡುವುದು ಆ ದಿನ ಅವಳಿಗೆ ನೆನಪೇ ಆಗಲಿಲ್ಲ.

ಮರುದಿನದಿಂದ ಎಲ್ಲವನ್ನೂ ತಿಂದಳೆಂದಲ್ಲ. ಹಾಗಲಕಾಯಿಗೆ ಈಗಲೂ ತುಟಿ ಬಿಗಿಯುತ್ತಾಳೆ. ಆದರೆ ತಟ್ಟೆ ಹಿಡಿದು ಸುತ್ತುವುದು ನಮ್ಮ ಮನೆಯಲ್ಲಿ ನಿಂತಿತು. ಗೋಕುಲಾಷ್ಟಮಿಗೆ ಚಕ್ಕುಲಿ ಒರಳು ಒತ್ತಲು, ಗೌರಿಹಬ್ಬಕ್ಕೆ ಕಡುಬಿನ ಅಂಚು ಮಡಿಸಲು ಅವಳೇ ಮೊದಲು ಬರುತ್ತಾಳೆ.

ಈ ಸಲ ಅವರೆಕಾಯಿ ಕಾಲ ಬಂದಾಗ ಹಿದುಕಿದ ಬೇಳೆಯ ಪೊಟ್ಟಣ ಕೊಳ್ಳಬೇಡಿ. ಕಾಯನ್ನೇ ತನ್ನಿ, ಕಾಳು ನೆನೆಸಿ, ಒಂದು ಬಟ್ಟಲನ್ನು ಮಗುವಿನ ಮುಂದಿಡಿ. ನೀವೂ ಚಾಪೆಗೆ ಇಳಿದು ಕೂತುಕೊಳ್ಳಿ.