ಗಾಡಿ ನಿಲ್ಲಿಸಲೊಂದು ಜಾಗ

ಕರೆಂಟು, ನಲ್ಲಿ, ಚರಂಡಿ ಈ ಮೂರರ ಹಂಗೂ ಇಲ್ಲದೆ ಇರುವುದನ್ನು ಈಗಿನವರು ಆಫ್‌ಗ್ರಿಡ್ ಬದುಕು ಅನ್ನುತ್ತಾರೆ. ಕ್ರೋಂಪೇಟೆಯವರಿಗೆ ಅದೇನೂ ಹೊಸದಲ್ಲ. 2015ರ ಡಿಸೆಂಬರ್‌ ಮೊದಲ ದಿನ ಪಕ್ಕದ ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ ಸುರಿಯಿತಲ್ಲ, ಆಗ ನಮ್ಮ ಬೀದಿಗೆ ಕರೆಂಟು ಮರಳಿದ್ದು ಐದನೇ ದಿನ. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರು ಕೊಡುವ ಕೆರೆಗಳು ಒಣಗಿದಾಗ ಲಾರಿ ನೀರಿಗೆ ಕೊಡ ಹಿಡಿದು ನಿಂತೆವು. ಒಬ್ಬರಿಗೆ ದಿನಕ್ಕೆ 15 ಲೀಟರಿನಲ್ಲಿ ಹೇಗೋ ಸಾಗುತ್ತದೆ ಎಂಬ ಲೆಕ್ಕ ಸಿಕ್ಕಿದ್ದು ಆಗಲೇ. ಈಗ ನಮ್ಮ ವ್ಯಾನಿನಲ್ಲಿರುವುದು 100 ಲೀಟರಿನ ಟ್ಯಾಂಕು. ನಾವು ಮೂವರಿಗೆ ಎರಡು ದಿನ.

ವ್ಯಾನು ಕೊಂಡದ್ದು ಶೋಕಿಗಲ್ಲ. ಧಾರವಾಡದ ಹತ್ತಿರದ ನಮ್ಮೂರ ಮನೆ ಪಾಲಾಯಿತು, ಪಾಲಾದದ್ದು ಮಾರಾಟವಾಯಿತು. ಅವ್ವನಿಗೆ 74. ಊರಿಗೆ ಹೋಗೋಣವೆಂದರೆ, "ಮಂದಿ ಮನ್ಯಾಗ ಎಷ್ಟ್ ದಿನಾ ಇರೂದು? ಲಾಡ್ಜಿನ್ಯಾಗ ಉಳದು ನಮ್ಮೂರು ನೋಡೂದು ನನಗ ಬ್ಯಾಡೋ" ಎಂದಳು. ನಾಲ್ಕು ವರ್ಷ ಹೋಗಲಿಲ್ಲ.

ಹಳೆಯ ಟ್ರಾವೆಲರ್ ಒಂದರ ಸೀಟು ತೆಗೆಸಿ ಎರಡು ಮಂಚ, ಒಂದು ಅಡುಗೆಕಟ್ಟೆ ಮಾಡಿಸಿದೆವು. ಪಾತ್ರೆಪಗಡ, ಮಡಚುವ ಕುರ್ಚಿ ಎಲ್ಲ ಪಲ್ಲಾವರದ ಶುಕ್ರವಾರದ ಸಂತೆಯ ಹಳೇ ಮಾಲು. ಹೀಗೆ ಗಾಡಿ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. 'ಯಾರು ಕೇಳ್ತಾರೆ' ಎನ್ನುವ ಗ್ಯಾರೇಜಿನವರ ಮಾತಿಗೆ ತಲೆಯಾಡಿಸಬೇಡಿ, ಅಪಘಾತವಾದ ದಿನ ವಿಮೆಯವರು ಕೇಳುತ್ತಾರೆ. ಮೇಲೆ 400 ವ್ಯಾಟ್ ಸೋಲಾರ್, ಒಳಗೆ 150 ಎಎಚ್ ಬ್ಯಾಟರಿ. ಫ್ಯಾನು, ದೀಪ, ಫೋನಿಗೆ ಧಾರಾಳ. ಏಸಿಯ ಆಸೆ ಬೇಡ. ಅದಕ್ಕೇ ಏಪ್ರಿಲ್, ಮೇ ತಿಂಗಳಲ್ಲಿ ನಾವು ಹೊರಡುವುದಿಲ್ಲ.

ಇಷ್ಟೂ ದುಡ್ಡಿಗೆ ಸಿಗುವಂಥದ್ದು. ರಾತ್ರಿ ಗಾಡಿ ನಿಲ್ಲಿಸುವುದೆಲ್ಲಿ? ಅಮೆರಿಕದಲ್ಲಿ ಸರ್ಕಾರದ ಬಯಲು ಜಮೀನಿನಲ್ಲಿ ಸಾಮಾನ್ಯವಾಗಿ 14 ದಿನ ಬಿಟ್ಟಿಯಾಗಿ ಇರಬಹುದು, ಆಮೇಲೆ ಜಾಗ ಬದಲಿಸಬೇಕು. ನಮ್ಮಲ್ಲಿ ಖಾಲಿ ಕಂಡದ್ದೆಲ್ಲ ಯಾರದ್ದೋ: ಗೋಮಾಳ, ದೇವಸ್ಥಾನದ್ದು, ಇಲ್ಲವೇ ಕೋರ್ಟಿನಲ್ಲಿರುವುದು. ಕಾಡಂತೂ ಬೇಡವೇ ಬೇಡ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ಗಾಡಿ ಹಾಯುವಂತೆಯೇ ಇಲ್ಲ, ಇನ್ನು ನಿಲ್ಲುವ ಮಾತೆಲ್ಲಿ? ಕೆರೆಯಂಗಳ ಚೆಂದ ಕಾಣುತ್ತದೆ. ಆದರೆ 2015 ಕಂಡವರು ಅಲ್ಲಿ ಮಲಗುವುದಿಲ್ಲ.

ನಮಗೆ ಒಗ್ಗಿದ್ದು ಪೆಟ್ರೋಲ್ ಬಂಕು. ಕುಂಡ್ರತ್ತೂರಿನ ಮೇಲೆ ಹೋಗಿ ಶ್ರೀಪೆರಂಬುದೂರಿನಲ್ಲಿ 48ನೇ ಹೆದ್ದಾರಿ ಹಿಡಿದರೆ ಅದೇ ರಸ್ತೆ ಧಾರವಾಡ ಮುಟ್ಟಿಸುತ್ತದೆ. ಬಂಕಿನಲ್ಲಿ ಕುಡಿಯುವ ನೀರು, ಶೌಚಾಲಯ ಪುಕ್ಕಟೆ ಕೊಡಬೇಕೆಂದು ನಿಯಮವೇ ಇದೆ. ಮೊದಲು ಡೀಸೆಲ್ ಹಾಕಿಸಿ, ಆಮೇಲೆ ರಾತ್ರಿಪಾಳಿಯ ಹುಡುಗನನ್ನು ಕೇಳಿ. ಫ್ರಿಜ್ ಇರುವ ಲಾರಿಯ ಪಕ್ಕ ಮಾತ್ರ ನಿಲ್ಲಿಸಬೇಡಿ, ರಾತ್ರಿಯಿಡೀ ಗುಂಯ್‌ಗುಡುತ್ತದೆ. ನಮ್ಮ ಶೌಚದ ಡಬ್ಬಿ ಖಾಲಿಯಾಗುವುದೂ ಅಲ್ಲೇ, ಕೇಳಿಕೊಂಡು, ನಾವೇ ತೊಳೆದು. ಹೊಲದ ಬದುವಿಗೆ ಸುರಿದು ಹೋಗುವವರಿದ್ದಾರೆ. ಅಂಥವರ ದೆಸೆಯಿಂದ ಮುಂದಿನವರಿಗೆ ಜಾಗ ಸಿಗುವುದಿಲ್ಲ.

ಹಾಗೆ ನೋಡಿದರೆ ಗಾಡಿಯಲ್ಲೇ ಸಂಸಾರ ಹೂಡುವುದು ನಮಗೆ ಯಾರೂ ಕಲಿಸಬೇಕಿಲ್ಲ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ನೋಡಿ. ಕಮಾನು ಕಟ್ಟಿದ ಚಕ್ಕಡಿ, ತಾಡಪತ್ರಿ ಹೊದಿಸಿದ ಟ್ರ್ಯಾಕ್ಟರ್, ಅದರಡಿ ಮೂರು ಕಲ್ಲಿನ ಒಲೆ, ಪಡ್ಡಲಗಿ ತುಂಬಲು ಕಡಬು, ಹೋಳಿಗೆ. ನಮ್ಮ ವ್ಯಾನನ್ನು ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. ಪಕ್ಕದ ಚಕ್ಕಡಿಯ ಅಜ್ಜಿ ಒಮ್ಮೆ ಒಳಗೆ ಇಣುಕಿ, "ಒಲಿ ಒಳಗ ಇಟ್ಟೀರಿ? ಹೊಗಿ ಆಗೂದಿಲ್ಲೇನ್ರಿ?" ಎಂದಳು, ಅಷ್ಟೇ. ಕುರಿ ಮೇಯಿಸುತ್ತ ಊರೂರು ಅಲೆಯುವ ಕುರುಬರಿಗಂತೂ ಜಾಗದ ಚಿಂತೆಯೇ ಇಲ್ಲ. ಕುರಿಗೊಬ್ಬರದ ಆಸೆಗೆ ಹೊಲದವರೇ ಕಾಳೋ ದುಡ್ಡೋ ಕೊಟ್ಟು ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ನಮ್ಮ ವ್ಯಾನಿನಿಂದ ಅಂಥ ಉಪಕಾರವೇನೂ ಇಲ್ಲ.

ಗುಡ್ಡದಿಂದ ನಮ್ಮೂರಿಗೆ ಒಂದೆರಡು ತಾಸು. ಊರು ಮುಟ್ಟಿದಾಗ ಹೊತ್ತು ಮುಳುಗಿತ್ತು. ಶಾಲೆಯ ಬಯಲಿಗೆ ಈಗ ಗೇಟು ಬಿದ್ದಿದೆ. ಮಠದ ಮುಂದೆ ಪೆಂಡಾಲು. ಅವ್ವ ಕಿಟಕಿಯಿಂದ ಹೊರಗೆ ನೋಡುತ್ತ ಸುಮ್ಮನೆ ಕೂತಿದ್ದಳು. ಹಳೆಯ ನೆರೆಯವನೊಬ್ಬ ಬೈಕು ನಿಲ್ಲಿಸಿ ಗುರುತು ಹಿಡಿದ. "ಅಕ್ಕಾರ, ಕಡ್ಲಿ ರಾಶಿ ಮುಗದೈತಿ, ಕಣ ಖಾಲಿ ಐತಿ. ಅಲ್ಲೇ ನಿಲ್ಲಿಸ್ರಿ." ಅವನ ಕಣ ನಮ್ಮ ಮನೆಯ ಹಿತ್ತಲಿಗೇ ಹತ್ತಿಕೊಂಡಿದೆ.

ಮೂರು ದಿನಕ್ಕೆಂದು ಹೋದವರು ಹನ್ನೊಂದು ದಿನ ಇದ್ದೆವು. ವ್ಯಾನಿನ ಮೆಟ್ಟಿಲ ಮೇಲೆ ಕೂತು ಅವ್ವ ಬಂದವರಿಗೆಲ್ಲ ಚಹಾ ಮಾಡಿಸಿ ಕೊಟ್ಟಳು. ಮೂರನೇ ದಿನ ಬೆಳಿಗ್ಗೆ ಟ್ಯಾಂಕು ಬರಿದಾಯಿತು. ಮನೆ ಕೊಂಡವರ ಸೊಸೆ ಕೇಳದೆಯೇ ಹಿತ್ತಲಿನ ನಲ್ಲಿಗೆ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಗೋಡೆ ದಾಟಿಸಿ ಅವ್ವನ ಕೈಗಿತ್ತಳು. "ಸಾವಕಾಶ ಬಿಡವಾ, ಆ ನಲ್ಲಿ ತಿರುಪು ಸಡ್ಲ ಐತಿ" ಎಂದಳು ಅವ್ವ.